ಮೂಗುತಿ ಮೀನು

1962 ಜನವರಿ 8, ಸೋಮವಾರ

ಬೆಳಗ್ಗೆ ಆರಕ್ಕೆ ಮಡುವಿಗೆ. 'ಮೀನು ಹಿಡಿಯಬಾರದು' ಅನ್ನುವ ಮೇಲಿನ ಬೋರ್ಡಿನಿಂದ ಕೆಳಗಿನ ಬೋರ್ಡಿನವರೆಗೆ ಒಂದು ಸುತ್ತು. ಬಲೆ ಇಲ್ಲ, ಗಾಳ ಇಲ್ಲ. ಮೀನುಗಾರಿಕೆ ಇಲಾಖೆಯ ಪುಸ್ತಕದಲ್ಲಿ ಬರೆದದ್ದು — ಯಾರೂ ಮೀನು ಹಿಡಿಯಲಿಲ್ಲ. ದಿನವೂ ಅದೇ ಸಾಲು. ಆ ಪುಸ್ತಕ ಇನ್‌ಸ್ಪೆಕ್ಟರ್ ಓದುತ್ತಾರೆ. ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ನಿಜ ಇಲ್ಲಿ.

ಮೀನಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ವಾಚರ್ ಕೆಲಸಕ್ಕೆ ಅರ್ಜಿ ಹಾಕಿದ್ದು ಒಬ್ಬನಿಗಾಗಿ. ಕಲ್ಲುಕ್ವಾರಿ ಕೆಂಪಣ್ಣ. ಇವತ್ತಲ್ಲ ನಾಳೆ ಅವನು ಈ ಮಡುವಿಗೆ ಕೈ ಹಾಕುತ್ತಾನೆ. ಆ ದಿನ ನಾನು ಖಾಕಿ ತೊಟ್ಟು ಇಲ್ಲಿರಬೇಕು. ಅವನ ಕೈಗೆ ಕೋಳ ಬೀಳುವುದನ್ನು ಕಣ್ಣಾರೆ ನೋಡಬೇಕು.

ಗಂಗಮ್ಮನ ಗುಡಿಯ ಮೆಟ್ಟಿಲಿಗೆ ನಮ್ಮವರು ಇಳಿಯುವ ಹಾಗಿರಲಿಲ್ಲ. ಇವತ್ತು ಇಳಿದೆ. ಪೂಜಾರಿ ನೋಡಿದ, ಖಾಕಿ ನೋಡಿದ, ಗುಡಿಯೊಳಗೆ ಹೋದ.

ಜನವರಿ 11, ಗುರುವಾರ

ಇನ್‌ಸ್ಪೆಕ್ಟರ್ ಚನ್ನಬಸವಯ್ಯನವರು ಹಾಸನದಿಂದ ಬಂದಿದ್ದರು. ದೊಡ್ಡ ಪಾಠ. ಹೇಮಾವತಿಯಲ್ಲಿ ಬಿಳಿಮೀನು ಕಮ್ಮಿಯಾಗಿದೆಯಂತೆ. ಆಳು ತೂಕದ ಹಳೇ ಮೀನು ಉಳಿದಿರುವುದು ಈ ಮಡುವಿನಲ್ಲೇ ಅಂತೆ. ಇವು ಇಟ್ಟ ಮೊಟ್ಟೆಯ ಮರಿಗಳೇ ಮೇಲೂ ಕೆಳಗೂ ಹೋಗಿ ಹೊಳೆ ತುಂಬಬೇಕು. "ಇದೊಂದು ಉಳಿದರೆ ಹೊಳೆ ಉಳಿಯುತ್ತೆ ಶಿವಯ್ಯ," ಅಂದರು. ಒಳ್ಳೆಯ ಮನುಷ್ಯ. ತಲೆ ಆಡಿಸಿದೆ.

ಅವರು ಹೋಗುವಾಗ ನನ್ನ ತಮ್ಮ ದೇವಯ್ಯ ಎಮ್ಮೆಗೆ ನೀರು ಕುಡಿಸುತ್ತಿದ್ದ. ಎಡಗೈಯಲ್ಲಿ ಹಗ್ಗ. ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇಲ್ಲ. "ಏನಾಯ್ತು?" ಅಂತ ಕೇಳಿದರು. "ಕ್ವಾರಿ ಕೆಲ್ಸ ಸಾ," ಅಂದೆ, ಅಷ್ಟೆ.

ಅಷ್ಟೇ ಅಲ್ಲ. ಐದು ವರ್ಷದ ಹಿಂದೆ ಕೆಂಪಣ್ಣನ ಮನೆಗೆ ನೆಂಟರು ಬಂದಿದ್ದರು. ಮೀನು ಬೇಕಾಯಿತು. ಕ್ವಾರಿಯ ಮದ್ದು ಎರಡು ಕಡ್ಡಿ ದೇವಯ್ಯನ ಕೈಗೆ ಕೊಟ್ಟು ಸೇತುವೆ ಕೆಳಗೆ ಕಳಿಸಿದ. ಬತ್ತಿ ಗಿಡ್ಡ. ಕೈಯಲ್ಲೇ ಸಿಡಿಯಿತು. ಪೊಲೀಸರು ಕೇಳಿದಾಗ ಕೆಂಪಣ್ಣ ಹೇಳಿದ್ದು — ಮದ್ದು ಕದ್ದಿದ್ದಾನೆ. ಆಸ್ಪತ್ರೆಯಿಂದ ಸೀದಾ ಜೈಲು, ಆರು ತಿಂಗಳು. ಆಗ ದೇವಯ್ಯನಿಗೆ ಹತ್ತೊಂಬತ್ತು.

ಫೆಬ್ರವರಿ 5, ಸೋಮವಾರ

ಅವ್ವ ಬಂದಳು. ಪ್ರತಿ ಸೋಮವಾರ ಬರುತ್ತಾಳೆ. ಮೆಟ್ಟಿಲಿಗಲ್ಲ, ಕೆಳಗಿನ ಹಾಸುಬಂಡೆಗೆ. ಅದು ನಮ್ಮ ಕೇರಿಯವರ ಜಾಗ. "ನನ್ ಮಗ ವಾಚರ್ರು, ಮೆಟ್ಲಿಗೇ ಇಳಿ ಬಾ," ಅಂದರೂ ಕೇಳುವುದಿಲ್ಲ.

ಮೂರು ಸಲ ಚಪ್ಪಾಳೆ. ಮುದ್ದೆಯ ಚೂರು ಎಸೆದಳು. ಮೊದಲು ಗೆಂಡೆ ಮೀನಿನ ಹಿಂಡು. ಆಮೇಲೆ ಆಳದಿಂದ ನಿಧಾನವಾಗಿ ಅದು ಬಂತು. ಅವ್ವನ ಮೂಗುತಿ ಮೀನು. ನನ್ನ ಎದೆಯುದ್ದ. ಮೇಲ್ತುಟಿಯಲ್ಲಿ ಕೆಂಪು ಹರಳು ಮಿಂಚಿತು.

ದೇವಯ್ಯ ಜೈಲಿನಲ್ಲಿದ್ದಾಗ ಅವ್ವ ಗಂಗಮ್ಮನಿಗೆ ಹರಕೆ ಹೊತ್ತಿದ್ದಳು. ಜೀವಂತ ಬಂದರೆ ನಿನ್ನ ಮೀನಿಗೆ ಮೂಗುತಿ. ಬಂದ. ಮೈಮೇಲಿದ್ದ ಒಂದೇ ಚಿನ್ನ ಬಿಚ್ಚಿದಳು. ಆಗ ಮೊಳದುದ್ದವಿದ್ದ ಮೀನನ್ನು ಬುಟ್ಟಿಯಲ್ಲಿ ಹಿಡಿದು, ತುಟಿಗೆ ಚುಚ್ಚಿ, ಬಿಟ್ಟಳು. ಅವತ್ತಿನಿಂದ ಅವ್ವನ ಮೂಗು ಖಾಲಿ. ಈ ಸುತ್ತಿನಲ್ಲಿ ಮೀನಿಗೆ ಮೂಗುತಿ ಹಾಕುವ ಹರಕೆ ಹೊಸದೇನಲ್ಲ, ಆದರೆ ಕೆಂಪು ಹರಳಿನದು ಇದೊಂದೇ. ಮೇಲಿನ ಮೆಟ್ಟಿಲವರೂ ಅದನ್ನು ನೋಡಿ ಕೈಮುಗಿಯುತ್ತಾರೆ. ಯಾರ ಮೂಗುತಿ ಅಂತ ಕೇಳುವುದಿಲ್ಲ.

ಮಾರ್ಚ್ 6, ಮಂಗಳವಾರ

ಕೆಂಪಣ್ಣ ಬಂದಿದ್ದ! ಜೀಪು ನಿಲ್ಲಿಸಿ ಬೋರ್ಡು ಎರಡು ಸಲ ಓದಿದ. ನನ್ನನ್ನು ನೋಡಿ ನಕ್ಕ.

"ಏನ್ಲಾ ಶಿವಯ್ಯ, ಮೀನಿಗೂ ಪೊಲೀಸ್ನೋರು ಬಂದ್ಬುಟ್ರಾ?"

"ಡ್ಯೂಟಿ ಗೌಡ್ರೇ."

ಅಪ್ಪನ ಕಾಲದಿಂದ ಅವರ ಮನೆಯವರಿಗೆ ನಾವು "ಬುದ್ಧಿ" ಅನ್ನುವುದು. ಇವತ್ತು ಗೌಡ್ರೇ ಅಂದೆ. ಅವನ ಹುಬ್ಬು ಮೇಲೇರಿತು.

"ಮೇ ತಿಂಗಳಾಗೆ ಮಗಳ ಮದ್ವೆ. ಬೀಗ್ರು ಚನ್ನರಾಯಪಟ್ಣದ ಕಡೇರು. ಬೀಗರೂಟಕ್ಕೆ ಕುರಿ ಕೋಳಿ ಯಾರ್ ಮನೇಲಿಲ್ಲ? ಆ ಒಣ ಸೀಮೇರಿಗೆ ನಮ್ಮೊಳೆ ಬಿಳಿಮೀನು ತಿನ್ಸಿ ಕಳಿಸ್ತೀನಿ ಅಂತ ಮಾತ್ ಕೊಟ್ಟಿವ್ನಿ."

"ಬೇರೆ ಕಡೆ ಹಿಡ್ಕಳಿ. ಇಲ್ಲಿ ಆಗಕಿಲ್ಲ."

"ಬೇರೆ ಕಡೆ ಎಲ್ಲವೆ ಲೇ ಅಷ್ಟ್ ದೊಡ್ಡವು?"

ಹೋದ. ಬರುತ್ತಾನೆ ಅಂತ ಅವನ ಬಾಯಲ್ಲೇ ಹೇಳಿ ಹೋದ. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರಿಗೆ ಹಾಕುವ ಬಾಡೂಟ. ಇಡೀ ಸೀಮೆ ನೋಡುವ ಊಟ. ಅದರ ಮುಂಚೆಯೇ ಸಿಕ್ಕಿಬೀಳಬೇಕು ನನ್ನ ಮಗ.

ಮಾರ್ಚ್ 19, ಸೋಮವಾರ

ಒಂದು ತೊಡಕು. ಮಡು ಆಳ. ನಡುವೆ ಮದ್ದು ಹಾಕಿದರೆ ಸತ್ತ ದೊಡ್ಡ ಮೀನು ತಳ ಸೇರುತ್ತದೆ, ಕೈಗೆ ಸಿಗುವುದಿಲ್ಲ. ಇಷ್ಟು ವರ್ಷ ಇವು ಬದುಕಿದ್ದು ಅದಕ್ಕೇ. ಕೆಂಪಣ್ಣನಿಗೂ ಗೊತ್ತು. ಸುಮ್ಮನೆ ಮದ್ದು ಹಾಳು ಮಾಡುವವನಲ್ಲ ಅವನು.

ಹಾಸುಬಂಡೆಯ ಹತ್ತಿರ ಸೊಂಟದುದ್ದ ನೀರು. ಅಲ್ಲಿಗೆ ಮೀನು ಬರುವುದು ಸೋಮವಾರ ಮಾತ್ರ, ಅವ್ವನ ಮುದ್ದೆಗೆ. ದಿನವೂ ಬಂದರೆ? ದೊಡ್ಡವೆಲ್ಲ ಬಂದರೆ? ಕೆಂಪಣ್ಣನ ಆಳು ಗುಂಡಯ್ಯ ಎಮ್ಮೆ ಮೈ ತೊಳೆಯಲು ಬರುತ್ತಾನೆ. ನೋಡುತ್ತಾನೆ. ಹೋಗಿ ಹೇಳುತ್ತಾನೆ.

ಎದುರಿಗೆ ಹೊಂಗೆ ಮೆಳೆ. ಅದರ ಹಿಂದೆ ನಾನು, ಇನ್‌ಸ್ಪೆಕ್ಟರ್, ಇಬ್ಬರು ಪೊಲೀಸರು. ಬತ್ತಿಗೆ ಬೆಂಕಿ ಇಡುವ ಮುಂಚೆ ಹಿಡಿಯುವುದು. ಮೀನಿಗೆ ಏನೂ ಆಗುವುದಿಲ್ಲ.

ಇವತ್ತಿನಿಂದ ಶುರು. ಬೆಳಗ್ಗೆ ಏಳಕ್ಕೆ, ಮೂರು ಚಪ್ಪಾಳೆ, ಒಂದು ಸೇರು ಪುರಿ.

ಏಪ್ರಿಲ್ 8, ಭಾನುವಾರ

ಇಪ್ಪತ್ತು ದಿನದಲ್ಲಿ ಕಲಿತುಬಿಟ್ಟವು. ಚಪ್ಪಾಳೆಗೆ ಮುಂಚೆ, ನನ್ನ ಹೆಜ್ಜೆಗೇ ಬರುತ್ತವೆ. ದೊಡ್ಡವು ಹದಿನೇಳು ಎಣಿಸಿದೆ.

ಇವತ್ತು ಬೀಗರ ಮನೆಯವರು ಬಂದಿದ್ದರು. ಗಂಡಿನ ತಾಯಿ ನಂಜಮ್ಮ. ದೊಡ್ಡ ಮನೆಯವಳಾದರೂ ಗತ್ತಿಲ್ಲ. ಮೆಟ್ಟಿಲಲ್ಲಿ ಪುರಿ ಹಾಕಿದರೆ ಒಂದೂ ಬರಲಿಲ್ಲ. ಎಲ್ಲ ನನ್ನ ಬಂಡೆಯ ಹತ್ತಿರ. ಅವಳೇ ಇಳಿದು ಬಂಡೆಗೆ ಬಂದಳು. ಜೊತೆಯವರು ಬೇಡ ಬೇಡ ಅಂದರೂ ಕೇಳಲಿಲ್ಲ. ಮೂಗುತಿ ಮೀನು ಕಂಡದ್ದೇ ಕೈಮುಗಿದು ನಿಂತುಬಿಟ್ಟಳು.

"ಯಾರ್ ಹರಕೆನಪ್ಪ ಇದು?"

"ನಮ್ಮವ್ವಂದು ತಾಯಿ."

"ಪುಣ್ಯವಂತಿ. ಮದ್ವೆ ಸುಸೂತ್ರ ಆಗ್ಲಿ ಅಂತ ಕೇಳ್ಕಂಡಿವ್ನಿ. ಬೀಗರೂಟದ ದಿವ್ಸ ಮತ್ತೆ ಬತ್ತೀನಿ, ಪುರಿ ಆಕಿ ಆಮೇಲೇಯ ಎಲೆ ಮುಂದೆ ಕೂರದು."

ಮೇಲಿನ ಮೆಟ್ಟಿಲಿಗೆ ಬಂದವರಲ್ಲಿ ಯಾರ ಹರಕೆ ಅಂತ ಕೇಳಿದ್ದು ಇವಳೊಬ್ಬಳೇ.

ಏಪ್ರಿಲ್ 27, ಶುಕ್ರವಾರ

ಗುಂಡಯ್ಯ ನೋಡಿದ. ಅರ್ಧ ಗಂಟೆ ನಿಂತು ನೋಡಿದ. ಸಂಜೆ ಕ್ವಾರಿಯ ಕಡೆಯಿಂದ ಜೀಪು ಬಂತು, ಸೇತುವೆಯ ಮೇಲೆ ನಿಂತು, ಹೋಯಿತು. ಸರಿ.

ಮೂಗುತಿ ಮೀನು ಅಂಗೈಯಿಂದ ತಿನ್ನುತ್ತದೆ ಈಗ. ತುಟಿ ಮೆತ್ತಗೆ, ಹಲ್ಲಿಲ್ಲದ ಮುದುಕಿಯ ಬಾಯಿ. ಹಾಳಾದ್ದು, ಮನಸ್ಸು ಅದರ ಕಡೆ ಹೋಗುತ್ತದೆ. ರಜೆಯ ದಿನವೂ ಬಂದೆ.

ದೇವಯ್ಯ ಎಲ್ಲ ನೋಡುತ್ತಿದ್ದ. ಇವತ್ತು ಬಾಯಿ ಬಿಟ್ಟ.

"ಅಣ್ಣ, ಅವುನ್ನ ಯಾಕಿಂಗೆ ಸದ್ರ ಮಾಡ್ತಿದ್ದೀಯ? ಆಳದಾಗಿರವು ಆಳದಾಗಿರ್ಲಿ."

"ನಿನ್ ಕೈ ತಿಂದೋನ್ನ ಇಡೀಬೇಕು ಕಣೋ."

"ನನ್ ಕೈ ಎಸ್ರು ಎತ್ತಬ್ಯಾಡ. ಇಡಿ ಅಂತ ನಾನ್ ಯಾವತ್ ಅಂದೆ?"

ಅವನಿಗೆ ರೋಷವೇ ಇಲ್ಲ. ಅವನ ಪಾಲಿನದೂ ನನಗೇ ಬಂದಿದೆ.

ಮೇ 10, ಗುರುವಾರ

ಕೆಂಪಣ್ಣನ ಮಗಳು ಚಿಕ್ಕಲಕ್ಷ್ಮಮ್ಮನ ಮದುವೆ ಆಯಿತು. ವಾಲಗ ಇಲ್ಲಿಯವರೆಗೆ ಕೇಳಿಸಿತು. ಬೀಗರೂಟ ಬರುವ ಮಂಗಳವಾರ ಮಧ್ಯಾಹ್ನ.

ಮೇ 13, ಭಾನುವಾರ

ಎಲ್ಲ ಯೋಚಿಸಿದೆ. ಮಂಗಳವಾರ ಬೆಳಕು ಹರಿಯುವಾಗ ಬರುತ್ತಾರೆ. ನಾಳೆ ಬರುವುದಿಲ್ಲ. ಸೋಮವಾರ ಕೆಂಪಣ್ಣನ ಮನೆಯಲ್ಲಿ ಒಲೆಯ ಮೇಲೆ ಬಾಡಿನ ಪಾತ್ರೆ ಸಹ ಇಡುವುದಿಲ್ಲ. ಅವನ ಅಜ್ಜನ ಕಾಲದಿಂದ. ಎಂಥ ಪಾಪಿಯಾದರೂ ಸೋಮವಾರ ತಪ್ಪಿಸುವವನಲ್ಲ. ಇದು ಸುತ್ತ ಹತ್ತು ಹಳ್ಳಿಗೆ ಗೊತ್ತು.

ಆದ್ದರಿಂದ ನಾಳೆ ಮಡು ಬಿಟ್ಟು ಹೋಗಬಹುದು. ನಾನೇ ಹಾಸನಕ್ಕೆ ಹೋಗಿ ಇನ್‌ಸ್ಪೆಕ್ಟರನ್ನು ಕರೆತರುತ್ತೇನೆ. ಕಾಗದ ಕಳಿಸಿದರೆ ನಂಬಿಕೆಯಿಲ್ಲ.

ಮೇ 14, ಸೋಮವಾರ. ಬೆಳಗ್ಗೆ 7

ಪುರಿ ಹಾಕಿದೆ. ಹದಿನೇಳೂ ಬಂದವು. ಮೂಗುತಿಯದಕ್ಕೆ ಒಂದು ಹಿಡಿ ಜಾಸ್ತಿ. ಅವ್ವ ಮುದ್ದೆ ತಂದಿದ್ದಳು. ಎಂಟರ ಬಸ್ಸಿಗೆ ಹೊರಟೆ.

ಸಂಜೆ 7

ಆಯಿತು. ಎಲ್ಲ ಮುಗಿಯಿತು.

ಹನ್ನೆರಡು ಗಂಟೆಗೆ ಬಂದರಂತೆ. ಸೋಮವಾರ. ನಡು ಮಧ್ಯಾಹ್ನ. ಗುಂಡಯ್ಯ ಬಂಡೆಯ ಮೇಲೆ ನಿಂತು ಮೂರು ಸಲ ಚಪ್ಪಾಳೆ ತಟ್ಟಿದನಂತೆ. ಪುರಿ ಎಸೆದನಂತೆ. ನಾನು ಕಲಿಸಿದ ಹಾಗೇ. ಎಲ್ಲ ಬಂದವಂತೆ.

ದೇವಯ್ಯ ಓಡಿ ಬಂದಾಗ ಹೊಗೆ. ದಡಕ್ಕೆ ಎಳೆದು, ಅಲ್ಲೇ ಬಂಡೆಯ ಮೇಲೆ ಕೊಯ್ದು, ಅರಿಸಿನ ಉಪ್ಪು ಸವರಿ ಕುಕ್ಕೆಯಲ್ಲಿ ತುಂಬಿಕೊಂಡು ಹೋದರು. ಕೆಂಪಣ್ಣನೂ ಇದ್ದ. ದೇವಯ್ಯ "ಸೋಮ್ವಾರ ಕಣ್ರಪ್ಪ," ಅಂದನಂತೆ. ಅದಕ್ಕೆ ಅವನು — "ಸೋಮ್ವಾರ ತಿನ್ಬಾರ್ದು ಅಂತ ಅದೆ ಕಣ್ಲಾ. ಇಡೀಬಾರ್ದು ಅಂತ ಎಲ್ಲದೆ? ಉಪ್ಪಾಕಿಟ್ಟ ಮೀನು ಮಾರ್ನೆ ದಿವ್ಸಕ್ಕೇಯ ರುಚಿ."

ನಾವು ಬಂದಾಗ ಐದೂವರೆ. ಸಣ್ಣ ಮೀನು ಹೊಟ್ಟೆ ಮೇಲಾಗಿ ಅಂಚಿನುದ್ದಕ್ಕೂ ಬಿದ್ದಿದ್ದವು. ಕಾಗೆ. ಚನ್ನಬಸವಯ್ಯನವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಗುರುತಿನ ಸಾಕ್ಷಿ ಏನಾದರೂ ಸಿಕ್ಕಿದರೆ ಈಗಲೇ ಅವರ ಮನೆಗೆ ಹೋಗಿ ಕುಕ್ಕೆ ಸಮೇತ ಜಪ್ತಿ ಮಾಡುತ್ತೇನೆ. ಜೈಲಿಗೆ ಹೋಗಿಬಂದ ನಿನ್ನ ತಮ್ಮನ ಮಾತಿನಿಂದ, ಬರೀ ಮೀನಿನ ಹುರುಪೆಯಿಂದ ಆಗುವುದಿಲ್ಲ. ಹುಡುಕು," ಅಂದರು.

ಹುಡುಕಿದೆ. ಬಂಡೆಯ ಸೀಳಿನಲ್ಲಿ, ಕೆಸರಿನಲ್ಲಿ, ತುಟಿಯ ಚೂರಿನ ಜೊತೆ ಸಿಕ್ಕಿತು. ಕೆಂಪು ಹರಳು.

"ಏನಾದರೂ ಇದೆಯೇನಯ್ಯ?"

"ಇಲ್ಲ ಸಾ."

ಯಾಕೆ ಹಾಗಂದೆ ಅಂತ ನನಗೆ ಚೆನ್ನಾಗಿ ಗೊತ್ತು. ಜಪ್ತಿ ಆದರೆ ದಂಡ ಕಟ್ಟುತ್ತಾನೆ. ಕಟ್ಟಿ, ಕುರಿ ಕಡಿದು ಊಟ ಹಾಕುತ್ತಾನೆ. ನಗುತ್ತಾನೆ. ಅಷ್ಟಕ್ಕೆ ಬಿಡುವುದಿಲ್ಲ ನಾನು. ಉಣ್ಣಲಿ, ಎಲ್ಲರೂ ಉಣ್ಣಲಿ. ಆಮೇಲೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಮೂಗುತಿಯವ್ವ ಅವ್ಳಾ?" ಗೊತ್ತಿಲ್ಲ ಅಂದೆ. ಜೇಬಿನಲ್ಲಿ ಬೆರಳಿಗೆ ಚುಚ್ಚುತ್ತಿತ್ತು.

ಮೇ 15, ಮಂಗಳವಾರ

ಬೆಳಗ್ಗೆಯೇ ದೇವಯ್ಯ, ನಾನು ದಡ ಚೊಕ್ಕಟ ಮಾಡಿದೆವು. ಸಣ್ಣವನ್ನು ಗುಂಡಿ ತೋಡಿ ಹೂತೆವು. ಇನ್‌ಸ್ಪೆಕ್ಟರ್ ಕ್ವಾರಿಯ ಮದ್ದಿನ ಪುಸ್ತಕ ನೋಡಲು ಹೋದರು.

ಹತ್ತು ಗಂಟೆಗೆ ನಂಜಮ್ಮ ಬಂದಳು. ಹೇಳಿದ್ದಳಲ್ಲ. ಸೆರಗಿನಲ್ಲಿ ಪುರಿ. ಸೀದಾ ಬಂಡೆಗೇ ಇಳಿದಳು. ಚಪ್ಪಾಳೆ ತಟ್ಟಿದಳು. ನೀರು ಅಲುಗಲಿಲ್ಲ.

"ಎಲ್ಲಪ್ಪ ಮೀನು? ಮೂಗುತಿಯವ್ವ ಎಲ್ಲಿ?"

"ಬಿಸ್ಲು ತಾಯಿ. ಆಳಕ್ಕೋಗವೆ."

ಪುರಿ ನೀರಿಗೆ ಹಾಕಿ, ಕೈಮುಗಿದು ಹೋದಳು. ಪುರಿ ಹಾಗೇ ತೇಲಿಕೊಂಡು ಹೋಯಿತು.

ಒಂದೂವರೆ. ಚಪ್ಪರದ ಹೊರಗೆ ನಿಂತು ನೋಡಿದೆ. ಎರಡನೇ ಸುತ್ತು ಸಾರು ಬಂತು. ಕೆಂಪಣ್ಣ ಪಂಚೆ ಎತ್ತಿ ಕಟ್ಟಿ ತಾನೇ ಬಡಿಸುತ್ತಿದ್ದ. "ಉಣ್ಣಿ ಬೀಗ್ರೇ, ಇಂಥದ್ದು ನಿಮ್ ಕೆರೇಲಿ ಸಿಗಕಿಲ್ಲ." ಬೀಗ ರಾಮಣ್ಣ ಬೆರಳು ನೆಕ್ಕಿದ. ನಂಜಮ್ಮ ಕೂಡ ಉಂಡಳು. ಅವಳ ಎಲೆಯ ಮೇಲೆ ಮುಳ್ಳು ರಾಶಿಯಾಗುವವರೆಗೆ ಕಾದೆ. ಹೌದು, ಕಾದೆ.

ಆಮೇಲೆ ಒಳಗೆ ನಡೆದೆ. ಖಾಕಿ ಕಂಡು ಯಾರೂ ತಡೆಯಲಿಲ್ಲ. ನಂಜಮ್ಮನ ಎಲೆಯ ಮೇಲೆ ಮೂಗುತಿ ಇಟ್ಟೆ.

"ನೀವು ಕೈಮುಗಿದ ಮೀನಿಂದು ತಾಯಿ. ನೆನ್ನೆ ಮದ್ದಾಕಿ ಹೊಡುದ್ರು, ಇವ್ರೇ. ಈಗ ನಿಮ್ಮೊಟ್ಟೇಲಿ ಅದೆ."

ಮೂಗುತಿ ನೋಡಿದಳು. ಗುರುತು ಹಿಡಿದಳು. ಅದನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಓಡಿದಳು. ಗೋಡೆಯ ಹಿಂದೆ ವಾಂತಿಯ ಸದ್ದು. ರಾಮಣ್ಣ ಎಂಜಲು ಕೈಯಲ್ಲೇ ನಿಂತ. "ದೇವ್ರ್ ಮೀನ್ ತಿನ್ಸಿದ್ಯೇನಯ್ಯ ನಮ್ಗೆ? ಅದೂ ಸೋಮ್ವಾರ ಕೊಂದು?" ಇನ್ನೂರು ಜನ ಎಲೆ ಬಿಟ್ಟು ಎದ್ದರು. ಗಾಡಿ ಕಟ್ಟಿದರು. ಮದುಮಗಳನ್ನು ಹತ್ತಿಸಿಕೊಳ್ಳಲಿಲ್ಲ.

ಕೆಂಪಣ್ಣ ಸೌಟು ಹಿಡಿದು ನಿಂತೇ ಇದ್ದ. ಆ ಮುಖ! ಐದು ವರ್ಷ ಕಾದದ್ದಕ್ಕೂ ಸಾರ್ಥಕ. ಖುಷಿಯಾಯಿತು, ಬರೆದೇಬಿಡುತ್ತೇನೆ. ಬಹಳ ಖುಷಿಯಾಯಿತು.

ಮೇ 18, ಶುಕ್ರವಾರ

ಕೇಸು ಹಾಕಿದರು. ಇನ್ನೂರು ಜನ ಸಾಕ್ಷಿ. ಗುಂಡಯ್ಯ ಎಲ್ಲ ಒಪ್ಪಿಕೊಂಡ. ಕ್ವಾರಿಗೆ ಬೀಗ.

ಸಂಜೆ ಕೆಂಪಣ್ಣ ನಡೆದುಕೊಂಡು ಮಡುವಿಗೆ ಬಂದ. ಗಡ್ಡ ಬೆಳೆದಿದೆ.

"ಅವತ್ ನಿನ್ ತಮ್ಮನ ಕೈ ಓಯ್ತು. ಇವತ್ತು ನನ್ ಮಗಳ ಬಾಳು. ಸರಿಯೋಯ್ತೇನ್ಲಾ?"

"ಇನ್ನೂ ಇಲ್ಲ ಗೌಡ್ರೇ. ನಿಮ್ಮ ಎಲ್ಡು ಕೈನೂ ಅಂಗೇ ಅವೆ."

ತಿರುಗಿ ನಡೆದ. ನಾನು ಅಲ್ಲೇ ಕೂತು ಬೀಡಿ ಸೇದಿದೆ. ಇಡೀ ಊಟ ಮುಗಿಸಿದ ಹಾಗಿತ್ತು.

ಮೇ 30, ಬುಧವಾರ

ಹನ್ನೆರಡು ದಿನದಿಂದ ಬರೆದಿಲ್ಲ. ಬರೆಯುವುದೇನಿದೆ? ಚಪ್ಪಾಳೆ ತಟ್ಟುತ್ತೇನೆ. ಏನೂ ಬರುವುದಿಲ್ಲ. ಹದಿನೇಳರಲ್ಲಿ ಎಷ್ಟು ಉಳಿದಿವೆಯೋ. ಉಳಿದಿದ್ದರೂ ಇನ್ನು ನಮ್ಮ ಚಪ್ಪಾಳೆ ನಂಬುವುದಿಲ್ಲ. ಇಲಾಖೆಯ ಪುಸ್ತಕದಲ್ಲಿ — ಯಾರೂ ಮೀನು ಹಿಡಿಯಲಿಲ್ಲ.

ಚಿಕ್ಕಲಕ್ಷ್ಮಮ್ಮ ಬಾವಿಗೆ ಬಂದಿದ್ದಳಂತೆ. ಕಾಲುಂಗುರ ಹೊಸದು. ಯಾರೂ ಮಾತಾಡಿಸಲಿಲ್ಲವಂತೆ. ದೇವಯ್ಯ ಹೇಳಿ, ನನ್ನ ಮುಖ ನೋಡಿದ. "ಆ ಮಗ ಏನ್ ಮಾಡಿತ್ತಣ್ಣ?" ಅವರಪ್ಪನನ್ನು ಕೇಳು ಅಂದೆ. ಅವನು ಆಮೇಲೆ ನನ್ನ ಜೊತೆ ಉಣ್ಣಲು ಕೂರಲಿಲ್ಲ.

ಒಂದು ಮಾತು. ಆ ಮೆತ್ತನೆ ತುಟಿ ಅಂಗೈಯಲ್ಲಿ ಇನ್ನೂ ಇದೆ. ತೊಳೆದರೂ ಹೋಗುವುದಿಲ್ಲ. ಹಾಸುಬಂಡೆಗೆ ಅದನ್ನು ಕರೆದವನು ಗುಂಡಯ್ಯ ಅಲ್ಲ.

ಜೂನ್ 4, ಸೋಮವಾರ

ಈಗ ತಾನೇ ನಡೆದದ್ದು. ಹಾಗೇ ಬರೆಯುತ್ತೇನೆ.

ಅವ್ವ ಇವತ್ತೂ ಮುದ್ದೆ ಕಟ್ಟಿಕೊಂಡು ಹೊರಟಿದ್ದಳು. ಕೇರಿಯ ಬಾಯಲ್ಲಿ ಗಾಡಿ ನಿಂತಿತು. ನಂಜಮ್ಮ. ಒಬ್ಬಳೇ. ಅರ್ಧ ತೂಕ ಇಳಿದುಹೋಗಿದ್ದಾಳೆ. ಅವರ ಜಾತಿಯ ಹೆಂಗಸು ನಮ್ಮ ಮನೆಯ ಜಗಲಿಯ ಮೇಲೆ ಕೂತದ್ದು ನಾನು ಕಂಡಿಲ್ಲ. ಕೂತಳು. ಅವ್ವನ ಎರಡೂ ಕೈ ಹಿಡಿದುಕೊಂಡಳು.

"ನಿನ್ ಹರಕೆ ತಿಂದ್ಬುಟ್ಟೆ ಕಣಮ್ಮ. ಅವತ್ತಿಂದ ತುತ್ತು ಇಳೀತಿಲ್ಲ. ತಪ್ಪಾಯ್ತು ಅನ್ನಕ್ ಬಂದೆ."

ಗಂಟು ಬಿಚ್ಚಿದಳು. ಒಂದು ಹೊಸ ಮೂಗುತಿ. ಅದೇ ಥರ ಕೆಂಪು ಹರಳು. ಅದರ ಪಕ್ಕದಲ್ಲಿ ಅವ್ವನ ಹಳೆಯದು, ತೊಳೆದು ಅರಿಸಿನ ಹಚ್ಚಿದ್ದು.

"ಅಳೇದು ನಿನ್ ಮೂಗಿಗೆ. ಒಸ್ದು ಇನ್ನೊಂದ್ ಮೀನಿಗೆ. ನೀನು ಮನಸ್ಸಾರೆ ಊ ಅಂದ್ರೆ ಇವತ್ತೇ ಸೊಸೇನ ಕರ್ಕಂಡೋಗ್ತೀನಿ. ಆ ಮಗೀಂದೇನ್ ತಪ್ಪು?"

ಅವ್ವ ಅಳುತ್ತಿದ್ದಳು. "ನೀವು ಗೊತ್ತಿಲ್ದೆ ತಿಂದ್ರಿ ಕಣವ್ವ. ಗೊತ್ತಿಲ್ದೆ ತಿಂದಿದ್ದು ಪಾಪ ಅಲ್ಲ. ಗೊತ್ತಿದ್ದೂ ತಿನ್ಸಿದೋರ್ದು ಪಾಪ."

ಕೆಂಪಣ್ಣನ ಬಗ್ಗೆ ಅಂದದ್ದು. ದೇವಯ್ಯ ಮಾತ್ರ ಎಮ್ಮೆಯ ಹಗ್ಗ ಬಿಟ್ಟು ನನ್ನ ಕಡೆ ತಿರುಗಿದ.

ನಂಜಮ್ಮ ಎದ್ದಳು. ಬಾಗಿಲ ಹತ್ತಿರ ನಿಂತು, ಏನೋ ಈಗ ತಾನೇ ಹೊಳೆದವಳ ಹಾಗೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸುಮ್ಮನೆ ಕೇಳಿದಳು.

"ಅವತ್ ಬೆಳಿಗ್ಗೆ ಪುರಿ ಇಡ್ಕಂಡು ಬಂಡೆಗೆ ಬಂದಿದ್ನಲ್ಲಪ್ಪ, ಆಗ ಮೂಗುತಿ ನಿನ್ ಜೇಬಲ್ಲಿತ್ತಾ?"

ಅವ್ವ ಕಣ್ಣು ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. ನಾನು "ಇತ್ತು ತಾಯಿ," ಅಂದೆ.